ಅಧಿಮಂಥವೂ ದೃಷ್ಟಿನಾಡಿಯ ಶೋಫವೂ

ಕೊಡ್ಲಿ, ಸೇಡಂಗಳ ಸೀಮೆಯಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಿದ್ವಾಂಸರಿಗೆ ವಿದಿತವಾಗಿದೆ. ನೃಪತುಂಗನ (ಕ್ರಿ.ಶ. 814-878) ಆಸ್ಥಾನವೆಂದೊಡನೆ ಸಾಹಿತ್ಯಾಧ್ಯಾಪಕರಿಗೆ ‘ಕವಿರಾಜಮಾರ್ಗ’ವು ನೆನಪಾಗುವುದು, ಉಗ್ರಾದಿತ್ಯನೆಂಬ ಜೈನವೈದ್ಯನು ಮಾಂಸೌಷಧವನ್ನು ಖಂಡಿಸಿ ಆ ಸಭೆಯಲ್ಲಿ ವಾದಿಸಿದ ಸಂಗತಿಯು ಅಷ್ಟಾಗಿ ನೆನಪಾಗುವುದಿಲ್ಲ. ಆತನ ಸಂಸ್ಕೃತ ‘ಕಲ್ಯಾಣಕಾರಕ’ವು ಪೂಜ್ಯಪಾದರನ್ನು ಶಾಲಾಕ್ಯತಂತ್ರದ, ಎಂದರೆ ಕೊರಳಿನಿಂದ ಮೇಲಣ ಅಂಗಗಳ ಚಿಕಿತ್ಸೆಯ, ಕರ್ತೃವೆಂದು ಹೆಸರಿಸುತ್ತದೆ. ಆ ಗ್ರಂಥವು ಉಪಲಬ್ಧವಿಲ್ಲ. ಆದುದರಿಂದ ನೇತ್ರರೋಗಗಳ ನಾಮವಿಚಾರಕ್ಕೆ ಸುಶ್ರುತನ ಉತ್ತರತಂತ್ರವನ್ನೇ ಆಶ್ರಯಿಸಬೇಕಾಗಿದೆ.

ತಲೆಬುರುಡೆಯೊಳಗಣ ಒತ್ತಡವು ಹೆಚ್ಚಿದಾಗ ದೃಷ್ಟಿನಾಡಿಯು ಕಣ್ಣನ್ನು ಸೇರುವಲ್ಲಿನ ಬಿಂಬವು ಬಾತುಕೊಳ್ಳುವುದನ್ನು ಪಾಶ್ಚಾತ್ಯ ವೈದ್ಯರು ‘ಪ್ಯಾಪಿಲೆಡಿಮಾ’ ಎನ್ನುವರು. ಇದಕ್ಕೆ ಸುಶ್ರುತನ ‘ಅಧಿಮಂಥ’ವನ್ನು ಪರ್ಯಾಯವಾಗಿಡಲು ಯಾರಿಗಾದರೂ ಮನಸ್ಸಾದೀತು. ಕಣ್ಣು ಕಿತ್ತುಬರುವಂತೆ, ಕಡೆದಂತೆ ವೇದನೆ, ಅರ್ಧತಲೆಯ ನೋವು, ಕೊನೆಗೆ ದೃಷ್ಟಿನಾಶ. ಹೊರನೋಟಕ್ಕೆ ಹೋಲಿಕೆಯುಂಟು. ಆದರೆ ಸುಶ್ರುತನು ಕಾಲವನ್ನೂ ಹೇಳಿದ್ದಾನೆ: ಕಫದ ಅಧಿಮಂಥವು 7 ರಾತ್ರಿಗಳಲ್ಲಿ, ವಾತದ್ದು 6ರಲ್ಲಿ, ರಕ್ತದ್ದು 5ರಲ್ಲಿ, ಪಿತ್ತದ್ದು ಕೂಡಲೇ ದೃಷ್ಟಿಯನ್ನು ಕೆಡಿಸುವುದು. ಬಿಂಬದ ಬಾವಿನ ರೀತಿಯೇ ಬೇರೆ. ಬೆಳಗಿನ ಹೊತ್ತು ಹೆಚ್ಚುವ ತಲೆನೋವು, ವಾಂತಿ, ಕೆಲವೊಮ್ಮೆ ಒಂದು ಎರಡಾಗಿ ಕಾಣುವುದು, ಬಗ್ಗಿ ಎದ್ದಾಗ ಕ್ಷಣಕಾಲ ಕತ್ತಲೆ—ಇಷ್ಟಿದ್ದರೂ ದೃಷ್ಟಿಯು ಬಹುಕಾಲ ನಿಲ್ಲಬಹುದು. ಉಪೇಕ್ಷಿಸಿದರೆ ನಾಡಿಯು ಕ್ಷಯಿಸಿ ಕುರುಡು ಬರುವುದು. ಕಣ್ಣುಗುಡ್ಡೆಯೊಳಗಿನ ಒತ್ತಡದ ರೋಗವಾದ ಗ್ಲಾಕೋಮಾಕ್ಕೆ ಅಧಿಮಂಥವನ್ನು ಹೋಲಿಸುವವರ ಪಕ್ಷವೇ ಹೆಚ್ಚು ಯುಕ್ತವಾಗಿದೆ.

ಸುಶ್ರುತನ 76 ನೇತ್ರರೋಗಗಳಲ್ಲಿ ಈ ಬಾವು ಪ್ರತ್ಯೇಕವಾಗಿ ಕಾಣದಿರುವುದು ಶಾಸ್ತ್ರದ ನ್ಯೂನತೆಯಲ್ಲ. ಮಿದುಳಿನ ಹೊದಿಕೆಗಳು ದೃಷ್ಟಿನಾಡಿಯನ್ನು ಸುತ್ತಿಕೊಂಡು ಕಣ್ಣಿನ ಹಿಂಬದಿಯವರೆಗೂ ಬರುತ್ತವೆ. ಅವುಗಳೊಳಗಣ ದ್ರವದ ಒತ್ತಡವು ಹೆಚ್ಚಿದರೆ ನಾಡೀತಂತುಗಳ ಒಳಹರಿವು ತಡೆಯಲ್ಪಟ್ಟು ಬಿಂಬವು ಉಬ್ಬುವುದು. ಹೊರಗಣ ಕಣ್ಣು ಮಾತ್ರ ನಿರ್ಮಲವಾಗಿರಬಹುದು. 1851ರಲ್ಲಿ ಹೆಲ್ಮ್‌ಹೋಲ್ಟ್ಸನು ನೇತ್ರದರ್ಶಕಯಂತ್ರವನ್ನು ಪ್ರಕಟಿಸುವವರೆಗೆ ಜೀವಂತ ಮನುಷ್ಯನ ಈ ಬಿಂಬವನ್ನು ನೋಡುವುದು ಬರ್ಲಿನ್ನಿನ ವೈದ್ಯರಿಗೂ ಸಾಧ್ಯವಿರಲಿಲ್ಲ. 1860ರಲ್ಲಿ ಗ್ರೇಫೆಯು ಇದಕ್ಕೂ ಮಿದುಳಿನ ಗಂತಿಗೂ ಇರುವ ಸಂಬಂಧವನ್ನು ವಿವರಿಸಿದನು.

ಪರಿಭಾಷೆಯ ಈ ಚರ್ಚೆ ಬರಿಯ ಪದಕಲಹವೆನ್ನಲಾಗದು. ಬಾವಿನ ಹಿಂದೆ ಗಂತಿಯಿರಬಹುದು, ಮಿದುಳಿನ ಸಿರೆಯಲ್ಲಿ ಹೆಪ್ಪುಗಟ್ಟಿದ ರಕ್ತವಿರಬಹುದು. ಅಧಿಮಂಥವೆಂದು ಬರೆದ ಕೋಶವನ್ನು ನಂಬಿ ನಸ್ಯ, ತರ್ಪಣಗಳಲ್ಲಿ ದಿನ ಕಳೆದವನಿಗೆ ಕಣ್ಣಷ್ಟೇ ಅಲ್ಲ, ಪ್ರಾಣವೂ ಹೋದೀತು. ‘ನೇತ್ರಶೋಫ’ವೆಂಬುದೂ ಸಲ್ಲದು, ಸುಶ್ರುತನ ‘ಸಶೋಫ ಅಕ್ಷಿಪಾಕ’ದೊಡನೆ ಅದು ಬೆರೆತುಹೋಗುವುದು. ಉಚ್ಚಾರಣೆಗೆ ತುಸು ಭಾರವಾದರೂ ‘ದೃಷ್ಟಿನಾಡೀಬಿಂಬಶೋಫ’ವೆಂಬ ಹೊಸ ಸಮಾಸವೇ ಇಲ್ಲಿ ಗ್ರಾಹ್ಯವು.