ಬಾಲೆಯರ ತಾಯ್ತನ

ದಕ್ಷಿಣ ಕನ್ನಡದಲ್ಲಿ ಬಯಕೆಯೆಂಬ ಮಂಗಳಕಾರ್ಯವೊಂದುಂಟು. ಚೊಚ್ಚಲ ಬಸುರಿಗೆ ಹೂ ಮುಡಿಸಿ, ಬಗೆಬಗೆಯ ಭಕ್ಷ್ಯಗಳನ್ನು ಬಡಿಸಿ, ಹೆರಿಗೆಗೆಂದು ತವರಿಗೆ ಕರೆದೊಯ್ಯುವುದು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಮನೆಗಳಲ್ಲಿ ಬಹುಕಾಲದ ರೂಢಿ. ಆದರೆ ಆ ಮಣೆಯ ಮೇಲೆ ಕುಳಿತವಳ ವಯಸ್ಸೆಷ್ಟೆಂದು ನಮ್ಮ ಹಿರಿಯರು ಕೇಳಿದುದು ವಿರಳ. ಈ ಪ್ರಶ್ನೆಯನ್ನು ಶಾಸನವು ಹೇಗೆ ಕೇಳತೊಡಗಿತೆಂಬುದನ್ನು ನಾವು ಇಲ್ಲಿ ಪರ್ಯಾಲೋಚಿಸೋಣ.

ಘಟ್ಟದ ಮೇಲಿನ ಮೈಸೂರು ಸಂಸ್ಥಾನವು 1894ರಲ್ಲಿಯೇ ಶಿಶುವಿವಾಹ ನಿಷೇಧದ ಕಾನೂನನ್ನು ಮಾಡಿತು. 8 ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, 50 ಮೀರಿದ ಪುರುಷನು 14 ತುಂಬದ ಹುಡುಗಿಯನ್ನು ವರಿಸುವುದನ್ನೂ ಅದು ತಡೆಯಿತು. ಘಟ್ಟದ ಕೆಳಗಿನ ಈ ಊರುಗಳಾದರೋ ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ಅಲ್ಲಿ ಜಾರಿಯಲ್ಲಿದ್ದ 1891ರ ಶಾಸನವು ದಾಂಪತ್ಯಕ್ಕೆ 12 ವರ್ಷವಾಗಿರಬೇಕೆಂದಿತೇ ಹೊರತು ಮದುವೆಯ ವಯಸ್ಸಿನ ಗೊಡವೆಗೆ ಹೋಗಲಿಲ್ಲ.

ಅಳಿಯಸಂತಾನದ ಬಂಟರಲ್ಲಿಯೂ ಜೈನರಲ್ಲಿಯೂ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿದು ಬರುತ್ತಿದ್ದುದರಿಂದ ಮಗಳಿಗೆ ತಾಯಿಮನೆಯ ಹಕ್ಕು ಉಳಿದಿರುತ್ತಿತ್ತು. ಮಕ್ಕಳಿಗೆ ತಂದೆಯ ಆಸ್ತಿ ಸಲ್ಲುವ ಮನೆಗಳಲ್ಲಿ ಬಾಲವಧುವಿಗೆ ಅಂತಹ ನೆಲೆಯಿರಲಿಲ್ಲ. ಗಂಡನು ತೀರಿಕೊಂಡರೆ ವೈಧವ್ಯವೇ ಗತಿ. ಗುಲ್ವಾಡಿ ವೆಂಕಟರಾಯರು 1899ರಲ್ಲಿ 'ಇಂದಿರಾಬಾಯಿ' ಕಾದಂಬರಿಯಲ್ಲಿ ಕೈಗೆತ್ತಿಕೊಂಡುದು ಇಂತಹ ತರುಣ ವಿಧವೆಯ ದುಃಖವನ್ನೇ.

1929ರಲ್ಲಿ ಅಂಗೀಕೃತವಾದ ಶಾರದಾ ಶಾಸನವು 1930ರ ಏಪ್ರಿಲಿನಿಂದ ವಧುವಿನ ವಯಸ್ಸನ್ನು 14ಕ್ಕೆ ನಿಲ್ಲಿಸಿತು. 1949ರಲ್ಲಿ ಅದು 15, 1978ರಲ್ಲಿ 18 ಆಯಿತು. ಕರ್ನಾಟಕವು 2017ರಲ್ಲಿ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಮೈಸೂರಿನ 8ರಿಂದ ಈ 18ಕ್ಕೆ ಏರಲು 84 ವರ್ಷಗಳು ಹಿಡಿದುವು.

ಇಷ್ಟರಿಂದ ಸಮಸ್ಯೆ ತೀರಿತೆನ್ನಲಾಗದು. ಎಳೆಯ ಹುಡುಗಿಯ ಕಟಿಯ ಎಲುಬು ಇನ್ನೂ ಬೆಳೆಯುತ್ತಿರುವಾಗ ಶಿಶುವಿಗೆ ದಾರಿ ಇಕ್ಕಟ್ಟಾಗಿ ಹೆರಿಗೆ ತಡೆಯಬಹುದು. ತನ್ನ ಮೈಗೇ ಸಾಲದ ರಕ್ತವನ್ನು ಆಕೆ ಮತ್ತೊಂದು ಜೀವದೊಡನೆ ಹಂಚಿಕೊಳ್ಳಬೇಕು. 20ರಿಂದ 24 ವರ್ಷದ ತಾಯಂದಿರಿಗಿಂತ 10ರಿಂದ 19ರ ತಾಯಂದಿರಲ್ಲಿ ಗರ್ಭನಂಜಿನ ಸನ್ನಿಯೂ ಬಾಣಂತಿಯ ಸೋಂಕೂ ಹೆಚ್ಚೆಂದು, ಅವರ ಕೂಸುಗಳು ದಿನ ತುಂಬದೆ, ತೂಕ ಸಾಲದೆ ಹುಟ್ಟುವ ಸಂಭವ ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ.

ಮದುವೆಯಾಗದ ಹುಡುಗಿಯ ಪಾಡು ಇನ್ನೂ ಕಠಿಣ. 2012ರ ಪೋಕ್ಸೋ ಕಾಯಿದೆಯಂತೆ 18 ತುಂಬದವಳ ಮೇಲಿನ ಅಪರಾಧವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ರಕ್ಷಣೆಗೆಂದು ವಿಧಿಸಿದ ಈ ನಿಯಮಕ್ಕೂ ನೆರೆಹೊರೆಯ ನಾಲಗೆಗೂ ಅಂಜಿ ಮನೆಯವರು ಬಸುರನ್ನು ಬಚ್ಚಿಟ್ಟರೆ, ಹುಡುಗಿ ವೈದ್ಯರನ್ನು ಕಾಣುವುದು ನೋವು ಬಂದ ಮೇಲೆಯೇ. ಅಷ್ಟರಲ್ಲಿ ಶಾಲೆಯೂ ಬಿಟ್ಟುಹೋಗಿರುತ್ತದೆ.

ಚೊಚ್ಚಲಿಗೆ ತವರು ಎಂದು ನಿಯಮಿಸಿದ ಸಮಾಜ ನಮ್ಮದು. ತಪ್ಪು ಯಾರದೆಂದು ವಿಚಾರಿಸುವ ಮುನ್ನ ಆ ತವರಿನ ಬಾಗಿಲನ್ನು ಈ ಹುಡುಗಿಯರಿಗೂ ತೆರೆದಿಟ್ಟು, ಸಕಾಲದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಬಾಣಂತನ ಮುಗಿದೊಡನೆ ಮರಳಿ ಶಾಲೆಗೆ ಕಳುಹಿಸುವುದು ನಮ್ಮೆಲ್ಲರ ಕರ್ತವ್ಯ.