ಕೊಳ್ಳೇಗಾಲ ಸೀಮೆಯ ಮಕ್ಕಳ ಮತ್ತು ತಾಯಂದಿರ ಉಡುಪು

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಎಳೆಮಕ್ಕಳಿಗೂ ಅವರನ್ನು ಹೆತ್ತು ಸಾಕುವವರಿಗೂ ಬಟ್ಟೆ ಒದಗಿಸಿದ, ಹೊಲಿದ, ಬಾಳಿಸಿದ ಬಗೆಯ ಚರಿತ್ರೆ. ಈ ಸೀಮೆಯ ಜವಳಿಯ ಬಗ್ಗೆ ಬರೆದವರೆಲ್ಲ ಹೆಚ್ಚಾಗಿ ಬರೆದಿರುವುದು ರೇಷ್ಮೆಯ ಬಗ್ಗೆ: ಹಿಪ್ಪುನೇರಳೆ, ಗೂಡು, ನೂಲು, ಜರತಾರಿ ಸೀರೆ. ಮಗ್ಗದಿಂದ ಇಳಿದ ಬಟ್ಟೆ ಆಮೇಲೆ ಯಾರ ಮೈಮೇಲೆ, ಎಷ್ಟು ವರ್ಷ, ಎಷ್ಟು ರೂಪ ತಾಳಿ ಬಾಳಿತು ಎಂಬುದಕ್ಕೆ ಆ ಬರಹಗಳಲ್ಲಿ ಜಾಗ ಕಡಿಮೆ. ಬೆಳೆಯುವ ಮೈಗೆ ಬಟ್ಟೆಯನ್ನು ಹೊಂದಿಸುವ ಜಾಣ್ಮೆಯೆಲ್ಲ ಮನೆಯೊಳಗೆ ಮತ್ತು ಸಣ್ಣ ಟೈಲರ್ ಅಂಗಡಿಗಳಲ್ಲಿ ಬೆಳೆದದ್ದರಿಂದ, ಜವಳಿ ಚರಿತ್ರೆಯ ಈ ಅರ್ಧ ಭಾಗ ಬೇರೆಯಾಗಿ ಬರೆಯಲು ಯೋಗ್ಯವಾದದ್ದು.

ಗಡಿಗಳು ಮತ್ತು ಹರಿದು ಹಂಚಿದ ದಾಖಲೆ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಕೆಲವೇ ಮೈಲಿ ದೂರದ ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿಯಿತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಹೀಗಾಗಿ ಒಂದೇ ಭಾಷೆ ಆಡುವ, ಒಂದೇ ಬಗೆಯ ಬಟ್ಟೆ ಉಡುವ ಜನರ ವಿವರ ಎರಡು ಬೇರೆ ಸರ್ಕಾರಗಳ ಪುಸ್ತಕಗಳಿಗೆ ಹಂಚಿಹೋಯಿತು. ಕೊಳ್ಳೇಗಾಲವನ್ನು ಎಫ್. ಎ. ನಿಕಲ್ಸನ್ 1887ರಲ್ಲಿ ಹೊರತಂದ ಕೊಯಮತ್ತೂರು ಜಿಲ್ಲಾ ಕೈಪಿಡಿಯಲ್ಲಿ ಹುಡುಕಬೇಕು, ಯಳಂದೂರನ್ನು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದು ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಹನೂರು ತಾಲ್ಲೂಕಾದದ್ದು 2017–18ರಲ್ಲಿ. ಅದಕ್ಕೂ ಹಿಂದಿನ ಯಾವುದೇ ಬರಹದಲ್ಲಿ ಕೊಳ್ಳೇಗಾಲ ತಾಲ್ಲೂಕು ಎಂದರೆ ಮಲೆ ಮಹದೇಶ್ವರ ಬೆಟ್ಟದವರೆಗಿನ ಇಡೀ ಕಾಡುಸೀಮೆ ಎಂದು ತಿಳಿಯಬೇಕು. ಇದನ್ನು ಗಮನಿಸದೆ ಓದಿದರೆ ಬೆಟ್ಟದ ಪೋಡುಗಳ (ಕಾಡಿನ ಹಟ್ಟಿಗಳ) ಜನ ಪೇಟೆಯ ಜರತಾರಿ ಉಟ್ಟಂತೆಯೂ ಪೇಟೆಯವರು ಬೆಟ್ಟದವರಂತೆ ಬದುಕಿದಂತೆಯೂ ಕಾಣಿಸಿಬಿಡುತ್ತದೆ.

ಬುಕಾನನ್‌ನ ಒಂದು ವಾಕ್ಯ

1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಬೆಟ್ಟದ ಕಾಡುಗಳ ಬುಡಕಟ್ಟಿನವರಾದ ಸೋಲಿಗರಿಗೆ ಬಟ್ಟೆ ಇಲ್ಲವೆನ್ನುವಷ್ಟು ಕಡಿಮೆಯೆಂದೂ, ರಾತ್ರಿ ಬೆಂಕಿಯ ಸುತ್ತ ಬಾಳೆಎಲೆಗಳ ಮೇಲೆ ಮಲಗಿ ಬಾಳೆಎಲೆಗಳನ್ನೇ ಹೊದೆಯುತ್ತಾರೆಂದೂ ಬರೆದ. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಶತಮಾನ ಕಳೆದ ಮೇಲೆ, 1909ರಲ್ಲಿ, ಎಡ್ಗರ್ ಥರ್ಸ್ಟನ್ ತನ್ನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಅದನ್ನು ಮತ್ತೆ ಎತ್ತಿಕೊಂಡದ್ದರಿಂದ ಈ ಮಾತಿಗೆ ಅಳತೆ ಮೀರಿದ ಆಯುಸ್ಸು ಬಂತು. ಅವನು ಕಂಡದ್ದು ದಾರಿಹೋಕನ ಕಣ್ಣಿಗೆ ಬಿದ್ದಷ್ಟು ಮಾತ್ರ. ಅದರಿಂದ ಒಂದು ಜನಾಂಗದ ಉಡುಪಿನ ಚರಿತ್ರೆಯನ್ನೇ ಕಟ್ಟಲಾಗದು. ಆದರೆ ಅದರೊಳಗೆ ಕೆಲಸಕ್ಕೆ ಬರುವ ಒಂದು ಸೂಚನೆ ಇದೆ. ಬಿಳಿಗಿರಿರಂಗನ ಬೆಟ್ಟದ ಚಳಿಮಳೆಯಲ್ಲಿ ಕೂಸನ್ನು ಬೆಚ್ಚಗಿಟ್ಟದ್ದು ಮುಖ್ಯವಾಗಿ ಬೆಂಕಿ, ಎಲೆ ಮತ್ತು ತಾಯಿಯ ಮೈ. ಬಟ್ಟೆ ಕೊಂಡು ತರಬೇಕಾದ ವಸ್ತುವಾಗಿತ್ತು, ಕಾಡಿನಲ್ಲಿ ಸಿಗುತ್ತಿರಲಿಲ್ಲ. 1974ರಲ್ಲಿ ಈ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಸೋಲಿಗರ ಅನೇಕ ಪೋಡುಗಳು ಕಾಡಿನ ಒಳಗಿನಿಂದ ಹೊರಬಂದವು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಅದರ ಶಾಲೆ, ಆಸ್ಪತ್ರೆಗಳು ಬೆಟ್ಟದ ಮೇಲೇ ಬೆಳೆದವು. ಸೋಲಿಗ ಮಕ್ಕಳ ಉಡುಪಿನ ಮಟ್ಟಿಗೆ ತಿರುವು ಎನ್ನಬಹುದಾದದ್ದು ಪೋಡುಗಳು ಹೊರಬಂದು ಶಾಲೆ ಬಂದ ಈ ವರ್ಷಗಳು, ಬುಕಾನನ್ ಬಂದುಹೋದದ್ದಲ್ಲ.

ರೇಷ್ಮೆ ಎಷ್ಟರಮಟ್ಟಿಗೆ ಮಕ್ಕಳದಾಯಿತು

ಮೈಸೂರು ಸೀಮೆಯಲ್ಲಿ ರೇಷ್ಮೆ ಹುಳು ಸಾಕಣೆಗೆ ಟಿಪ್ಪುವಿನ ಕಾಲದಲ್ಲಿ ಚಾಲನೆ ಸಿಕ್ಕಿದ್ದು, ಕೊಳ್ಳೇಗಾಲ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯ ರೇಷ್ಮೆ ಸೀಮೆಯಾದದ್ದು, ಕೊಳ್ಳೇಗಾಲದಲ್ಲೂ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲೂ ಸರ್ಕಾರಿ ನೂಲು ಬಿಚ್ಚಾಣಿಕೆ ಕಾರ್ಖಾನೆಗಳು ನಡೆದದ್ದು, 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಸ್ಥಾಪನೆಯಾದದ್ದು ಎಲ್ಲವೂ ಬೇರೆಡೆ ವಿವರವಾಗಿ ದಾಖಲಾಗಿವೆ. ಕೊಳ್ಳೇಗಾಲದ ದೇವಾಂಗ ನೇಕಾರರ ಜರಿಯಂಚಿನ ಸೀರೆಯ ಹೆಸರೂ ಎಲ್ಲರಿಗೆ ಗೊತ್ತು.

ಆದರೆ ರೇಷ್ಮೆ ಬೆಳೆದ ಊರಿನ ಮಕ್ಕಳು ರೇಷ್ಮೆ ಉಟ್ಟು ಬೆಳೆದರು ಎಂಬ ಕಲ್ಪನೆ ಸರಿಯಲ್ಲ. ನೀರು ತಾಗಿದಾಗ ರೇಷ್ಮೆಯ ಎಳೆ ಬಲ ಕಳೆದುಕೊಳ್ಳುತ್ತದೆ, ಹತ್ತಿಯ ಎಳೆ ಬಲಗೊಳ್ಳುತ್ತದೆ. ದಿನಕ್ಕೆ ಎರಡು ಸಲ ಒದ್ದೆಯಾಗುವ, ಕಲ್ಲಿಗೆ ಕುಕ್ಕಿ ಒಗೆಯಬೇಕಾದ ಕೂಸಿನ ಬಟ್ಟೆಗೆ ಹತ್ತಿಯೇ ಆಗಬೇಕು. ಹುಳು ಸಾಕುವ, ನೂಲು ಬಿಚ್ಚುವ ಮನೆಗಳಿಗೆ ಗೂಡು ಮತ್ತು ನೂಲು ಮಾರಾಟದ ಸರಕು, ಮನೆಬಳಕೆಯ ಬಟ್ಟೆಯಲ್ಲ. ರೇಷ್ಮೆ ಮಗುವಿನ ಮೈಗೆ ಬಂದದ್ದು ಎರಡನೆಯ ಜನ್ಮದಲ್ಲಿ. ಅಮ್ಮನ ಅಥವಾ ಅಜ್ಜಿಯ ಸೀರೆ ಮಡಿಕೆಯಲ್ಲಿ ಬಿರಿದಾಗ, ಗಟ್ಟಿಯಾಗಿ ಉಳಿದ ಭಾಗವನ್ನು ಕತ್ತರಿಸಿ ಹೆಣ್ಣುಮಗುವಿಗೆ ಲಂಗ ಹೊಲಿಸುತ್ತಿದ್ದರು. ಸೀರೆಯ ಅಂಚು ಲಂಗದ ಕೆಳಅಂಚಾಗುತ್ತಿತ್ತು, ಸೆರಗಿನ ಜರಿ ರವಿಕೆಯ ತೋಳಿಗೆ ಬರುತ್ತಿತ್ತು. ಇನ್ನೂ ಉಳಿದ ತುಂಡು ಕೂಸಿನ ಕುಲಾವಿಗೆ. ಹಬ್ಬ, ಮದುವೆ, ಬೆಟ್ಟದ ಪರಿಷೆಗೆ ಮಾತ್ರ ತೆಗೆದು ತೊಡಿಸುವ ಉಡುಪಾದ್ದರಿಂದ ಒಂದೇ ಲಂಗ ಅಕ್ಕನಿಂದ ತಂಗಿಗೆ ಇಳಿಯುತ್ತಿತ್ತು.

ಮನೆಯ ವಿನ್ಯಾಸ

ಈ ಚರಿತ್ರೆಯ ತಿರುಳು ಇಲ್ಲಿದೆ. ಮಗುವಿನ ಬಟ್ಟೆಗೆ ಎರಡು ಕಷ್ಟ: ಮೈ ಬೆಳೆಯುತ್ತದೆ, ಬಟ್ಟೆ ಬೆಳೆಯುವುದಿಲ್ಲ, ಮಗು ನೆಲದಲ್ಲಿ ಹೊರಳುತ್ತದೆ, ಬಟ್ಟೆ ಸವೆಯುತ್ತದೆ. ಈ ಸೀಮೆಯ ಹೆಂಗಸರೂ ಟೈಲರುಗಳೂ ಇವಕ್ಕೆ ಕಂಡುಕೊಂಡ ಉಪಾಯಗಳು ಹಳೆಯ ಮೈಸೂರಿನ ಬೇರೆ ಕಡೆಗಳಲ್ಲೂ ಇದ್ದಂಥವು. ಅಷ್ಟೊಂದು ಸಾಮಾನ್ಯವಾದ್ದರಿಂದಲೇ ಅವನ್ನು ಬರೆದಿಡಬೇಕೆಂದು ಹೆಚ್ಚಿನವರಿಗೆ ತೋಚಲಿಲ್ಲ.

ಹುಟ್ಟಿದ ಕೂಸಿಗೆ ಹೊಸ ಬಟ್ಟೆಗಿಂತ ಹಳೆಯದು ಮೇಲು. ಎಷ್ಟೋ ಸಲ ಒಗೆದು ಗಂಜಿಯ ಬಿರುಸೆಲ್ಲ ಹೋದ ಪಂಚೆ, ಸೀರೆಗಳ ತುಂಡೇ ಲಂಗೋಟಿ, ಹೊದಿಕೆ, ಹಾಸು. ತಲೆಗೆ ಕುಲಾವಿ, ಸೊಂಟಕ್ಕೆ ಉಡಿದಾರ. ಲಂಗೋಟಿಯನ್ನು ಸಿಕ್ಕಿಸಲು ಉಡಿದಾರವೇ ಆಧಾರವಾದ್ದರಿಂದ ಪಿನ್ನೂ ಬೇಡ, ಗುಂಡಿಯೂ ಬೇಡ. ಕೂಸು ದಪ್ಪಗಾದಂತೆ ದಾರವನ್ನು ಸಡಿಲಿಸಿದರೆ ಸಾಕು. ಕುಲಾವಿಗೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿಗೆ ನಿರಿಗೆ ಹಿಡಿದು, ಕುಚ್ಚು ಇಳಿಬಿಡುವ ಆಟವೆಲ್ಲ ಉಳಿದ ಬಟ್ಟೆಯಿಂದಲೇ ನಡೆಯುತ್ತಿತ್ತು. ಅಂದಕ್ಕೆಂದು ಬೇರೆ ಖರ್ಚು ಇರಲಿಲ್ಲ.

ನಡೆಯುವ ವಯಸ್ಸಿನ ಹೆಣ್ಣುಮಗುವಿಗೆ ಸೊಂಟದಲ್ಲಿ ಲಂಗ ನಿಲ್ಲದು. ಆದ್ದರಿಂದ ತೋಳಿಲ್ಲದ ‘ಬಾಡಿ’ಯನ್ನು ಲಂಗಕ್ಕೆ ಕೂಡಿಸಿ, ಭಾರವೆಲ್ಲ ಹೆಗಲ ಮೇಲೆ ಬೀಳುವಂತೆ ಹೊಲಿಯುತ್ತಿದ್ದರು. ಲಂಗದ ಕೆಳಭಾಗದಲ್ಲಿ ಎರಡು ಮೂರು ಸಾಲು ಟಕ್ಕು (ಮಡಿಸಿ ಹೊಲಿದ ಪಟ್ಟಿ) ಹಿಡಿದಿಡುವುದು ಸರ್ವೇಸಾಮಾನ್ಯ. ಮಗು ಉದ್ದವಾದಂತೆ ವರ್ಷಕ್ಕೊಂದು ಟಕ್ಕು ಬಿಚ್ಚುವುದು. ಬಿಚ್ಚಿದ ಕಡೆ ಬಣ್ಣ ಕಂದದ ಗೆರೆಯೊಂದು ಉಳಿಯುತ್ತದೆ. ಅದರ ಮೇಲೆ ಬಣ್ಣದ ಪಟ್ಟಿಯೊಂದನ್ನು ಹೊಲಿದರೆ ಹಳೆಯದನ್ನು ಮುಚ್ಚಿದ್ದೂ ಆಯಿತು, ಹೊಸ ಅಲಂಕಾರವೂ ಆಯಿತು. ಗಂಡುಮಕ್ಕಳ ಚಡ್ಡಿಗೆ ಲಾಡಿ, ಆಮೇಲೆ ಎಲಾಸ್ಟಿಕ್; ಕೂರುವ ಕಡೆ ಎರಡು ಪದರ. ಅಂಗಿಯ ಪಕ್ಕದ ಹೊಲಿಗೆಯೊಳಗೆ ಬಟ್ಟೆ ಬಿಟ್ಟಿರುವುದು, ಹರಿದರೆ ಅದೇ ಬಟ್ಟೆಯಿಂದ ತೇಪೆ. ಬೆಳೆಯೋ ಮಕ್ಕಳು, ಒಂಚೂರು ದೊಡ್ಡದಾಗೇ ಹೊಲಿಯಿರಿ ಎಂದು ಟೈಲರಿಗೆ ಹೇಳದ ತಾಯಿಯೇ ಇಲ್ಲ.

ತಾಯಿಯ ಉಡುಪಿನಲ್ಲೂ ಇಷ್ಟೇ ಆಲೋಚನೆ ಅಡಗಿತ್ತು. ಹಳೆಯ ಕಾಲದ ರವಿಕೆಗೆ ಮುಂದುಗಡೆ ಗಂಟು. ಗರ್ಭಿಣಿಯಾದಾಗ ಸಡಿಲಿಸಬಹುದು, ಬಾಣಂತಿಯಾದಾಗ ಹಾಲೂಡಿಸಲು ಸುಲಭ, ಮೈ ಇಳಿದಾಗ ಬಿಗಿಗೊಳಿಸಬಹುದು. ಹೊಲಿದ ಅಳತೆಗೆ ಮೈಯನ್ನು ಒಗ್ಗಿಸಬೇಕಾದದ್ದು ಹುಕ್ಕು ಬಂದ ಮೇಲೆ. ಸೀರೆಯಂತೂ ಅಳತೆಯೇ ಇಲ್ಲದ ಉಡುಪು. ಸೆರಗು ಕೂಸಿಗೆ ಮರೆ, ಹೊದಿಕೆ, ಮೂಗು ಒರೆಸುವ ಬಟ್ಟೆ. ಹಳೆಯದಾದರೆ ಅದೇ ಸೀರೆ ಬಾಣಂತಿಯ ಹೊಟ್ಟೆಗೆ ಕಟ್ಟುವ ಪಟ್ಟಿ, ಜಂತೆಗೋ ಹೊಲದ ಬದಿಯ ಹೊಂಗೆ ಕೊಂಬೆಗೋ ಕಟ್ಟುವ ಜೋಲಿ. ಕಳೆ ಕೀಳುವ ತಾಯಿ ಬದುವಿನ ಮರದಲ್ಲಿ ಜೋಲಿ ಕಟ್ಟಿ ಕೂಸನ್ನು ಮಲಗಿಸುವ ಪದ್ಧತಿ ಈ ಮೂರೂ ತಾಲ್ಲೂಕುಗಳಲ್ಲಿ ಈಗಲೂ ಇದೆ. ತಾಯಿಗೂ ಮಗುವಿಗೂ ಒಂದೇ ಬಟ್ಟೆಯಿಂದ ಉಡುಪು ಮಾಡುವುದನ್ನು ಈಚಿನ ಫ್ಯಾಷನ್ ಎಂದು ಬರೆಯುವವರು ಈ ಸೀರೆಗಳನ್ನು ಮರೆತಿದ್ದಾರೆ.

ಯಂತ್ರ

ಹೊಲಿಗೆ ಯಂತ್ರ 19ನೇ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ಬಂತು; 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರದ ತಯಾರಿಕೆ ಶುರುವಾಯಿತು. ಜವಳಿ ಅಂಗಡಿಯ ಜಗಲಿಯಲ್ಲಿ ಯಂತ್ರ ಇಟ್ಟು ಕೂತ ಟೈಲರಿನಿಂದಾಗಿ ಫ್ರಾಕು, ಜೇಬಿನ ಅಂಗಿ, ಕಾಜಾ ಗುಂಡಿಗಳು ಹಳ್ಳಿಯ ಮಕ್ಕಳಿಗೂ ಬಂದವು. ವಿನ್ಯಾಸದ ಸೂತ್ರ ಬದಲಾಗಲಿಲ್ಲ, ಟಕ್ಕು ಹಿಡಿಯುವ ಕೈ ಬದಲಾಯಿತು.

ತಿರುಪ್ಪೂರಿನ ಬನಿಯನ್

1956ರ ತನಕ ಕೊಳ್ಳೇಗಾಲವೂ ತಿರುಪ್ಪೂರೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು ಎಂಬ ಸಂಗತಿ ಜವಳಿ ಚರಿತ್ರೆಕಾರರ ಗಮನಕ್ಕೆ ಬೀಳಬೇಕಾದಷ್ಟು ಬಿದ್ದಿಲ್ಲ. ತಿರುಪ್ಪೂರಿನಲ್ಲಿ ಬನಿಯನ್ ಹೆಣೆಯುವ ಉದ್ಯಮ 1920ರ ದಶಕದಲ್ಲಿ ಬೇರೂರಿತು, ಮುಂದೆ ಮಕ್ಕಳ ಉಡುಪನ್ನು ಜಗತ್ತಿಗೆಲ್ಲ ಕಳಿಸುವ ಊರಾಗಿ ಅದು ಬೆಳೆಯಿತು. ಗಡಿ ಬದಲಾದರೂ ಹಾಸನೂರು, ಸತ್ಯಮಂಗಲಗಳ ಘಾಟಿ ರಸ್ತೆ ಬದಲಾಗಲಿಲ್ಲ. ಆ ದಾರಿಯಲ್ಲಿ ವ್ಯಾಪಾರವೂ ನೆಂಟಸ್ತಿಕೆಯೂ ಮುಂದುವರಿದವು.

ಮಗುವಿನ ಉಡುಪಿನಲ್ಲಿ ರೇಷ್ಮೆಗಿಂತ ದೊಡ್ಡ ಬದಲಾವಣೆ ತಂದದ್ದು ಈ ಹೆಣೆದ ಬಟ್ಟೆ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ನೇರವಾಗಿ ಕೂಡುವುದರಿಂದ ಅದು ಜಗ್ಗದು. ಹೆಣೆದದ್ದರಲ್ಲಿ ಎಳೆ ಕುಣಿಕೆ ಕುಣಿಕೆಯಾಗಿ ಸಿಕ್ಕಿಕೊಂಡಿರುವುದರಿಂದ ಮೈ ಹಿಗ್ಗಿದಂತೆ ಹಿಗ್ಗುತ್ತದೆ. ಟಕ್ಕು ಹಿಡಿದು ಸಾಧಿಸುತ್ತಿದ್ದುದನ್ನು ಹೆಣಿಗೆಯೇ ಸಾಧಿಸಿತು. ಆದರೆ ಒಂದು ಕುಣಿಕೆ ಹರಿದರೆ ಸಾಲು ಸಾಲೇ ಬಿಚ್ಚಿಕೊಳ್ಳುತ್ತದೆ, ತೇಪೆ ಒಗ್ಗದು, ಕೆಳಗೆ ಬಿಚ್ಚಿ ಉದ್ದ ಮಾಡಲು ಏನೂ ಉಳಿದಿರದು. ಅಗ್ಗದ ಬನಿಯನ್ ಮತ್ತು ಟೀ ಶರಟುಗಳು ಸಂತೆಗೆ ಬಂದ ಮೇಲೆ, ಬಟ್ಟೆಯನ್ನು ಮೂರು ಮಕ್ಕಳಿಗೆ ದಾಟಿಸುವ ಅಭ್ಯಾಸ ಕುಗ್ಗಿತು. ಈ ನಷ್ಟದ ಮಾತನ್ನು ಆಡುವಾಗ ತಾಯಂದಿರಿಗೆ ಉಳಿತಾಯವಾದ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಮವಸ್ತ್ರ

ಬಹಳಷ್ಟು ಬಡ ಮಕ್ಕಳಿಗೆ ವರ್ಷದ ಹೊಸ ಬಟ್ಟೆ ಎಂದರೆ ಸರ್ಕಾರಿ ಶಾಲೆಯ ಸಮವಸ್ತ್ರವೇ. ವಿದ್ಯಾವಿಕಾಸ ಯೋಜನೆಯಲ್ಲಿ ರಾಜ್ಯ ಸರ್ಕಾರ ಅದನ್ನು ಉಚಿತವಾಗಿ ಕೊಡುತ್ತದೆ. ಈ ಯೋಜನೆಗೆ ಬಟ್ಟೆ ಒದಗಿಸುವವರಲ್ಲಿ 1975ರಲ್ಲಿ ಆರಂಭವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ಒಂದು. ಸಮವಸ್ತ್ರದ ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಗ ಒಣಗುತ್ತದೆ, ಬೇಗ ಹರಿಯದು. ಬೇಸಿಗೆಯ ಹನೂರಿನಲ್ಲಿ ಬೆವರು ಮಾತ್ರ ಹೀರದು. ಶಾಲೆಗೂ ಆಟಕ್ಕೂ ಕುರಿ ಕಾಯುವುದಕ್ಕೂ ಅದೇ ಜೊತೆ ಬಳಕೆಯಾಗುವುದನ್ನು ಕಂಡವರು, ಮೊಣಕಾಲಿಗೂ ಕೂರುವ ಜಾಗಕ್ಕೂ ಎರಡು ಪದರವಿರಬೇಕಿತ್ತು ಎಂದು ಆಶಿಸಿದರೆ ಅದು ನ್ಯಾಯವೇ.

ಮಡಿಲು ಚೀಲ

ತಾಯಿ ಮತ್ತು ಕೂಸಿನ ಉಡುಪು ಒಂದೇ ಪಟ್ಟಿಯಲ್ಲಿ ಸರ್ಕಾರಿ ಕಾಗದಕ್ಕೆ ಏರಿದ್ದು 2007ರಲ್ಲಿ ಜಾರಿಗೆ ಬಂದ ಮಡಿಲು ಯೋಜನೆಯಲ್ಲಿ. ಬಡತನದ ರೇಖೆಗಿಂತ ಕೆಳಗಿನ ಕುಟುಂಬದ ಹೆಂಗಸು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತರೆ, ಮೊದಲ ಎರಡು ಹೆರಿಗೆಗಳಿಗೆ, 19 ವಸ್ತುಗಳ ಚೀಲ ಸಿಗುತ್ತಿತ್ತು. ಅದರಲ್ಲಿ ಸೊಳ್ಳೆಪರದೆ, ಜಮಖಾನೆ, ತಾಯಿಗೆ ಹೊದಿಕೆ, ಸೋಪು ಎಣ್ಣೆಗಳ ಜೊತೆ ಬಾಣಂತಿಯ ಹೊಟ್ಟೆಗೆ ಕಟ್ಟುವ ಬಟ್ಟೆ, ಕೂಸಿಗೆ ಅಂಗಿ, ಸ್ವೆಟರು, ಟೋಪಿ, ಕಾಲುಚೀಲ, ಡಯಾಪರ್, ರಬ್ಬರ್ ಹಾಸು.

ಮುಖ್ಯ ಉದ್ದೇಶ ಹೆರಿಗೆಗಳನ್ನು ಆಸ್ಪತ್ರೆಗೆ ತರುವುದಾಗಿತ್ತು. ಆದರೂ ಉಡುಪಿನ ಚರಿತ್ರೆಯಲ್ಲಿ ಈ ಪಟ್ಟಿಗೆ ಬೆಲೆ ಹೆಚ್ಚು. ಅಜ್ಜಿಯರು ಹೊಟ್ಟೆಗೆ ಬಟ್ಟೆ ಕಟ್ಟುತ್ತಿದ್ದ ರೂಢಿಯನ್ನು ಅದು ಹಾಗೇ ಸ್ವೀಕರಿಸಿತು. ಕುಲಾವಿಯ ಜಾಗಕ್ಕೆ ಟೋಪಿ ಇಟ್ಟಿತು. ಹಳೆಯ ಪಂಚೆಯ ತುಂಡಿನ ಜಾಗಕ್ಕೆ ಕಾರ್ಖಾನೆಯ ಹೊಸ ಬಟ್ಟೆ ತಂದಿತು. ನವಜಾತ ಶಿಶುವನ್ನು ತಲೆಯಿಂದ ಕಾಲಿನವರೆಗೆ ಬೆಚ್ಚಗಿಡಬೇಕೆಂಬ ವೈದ್ಯರ ಮಾತು ಬೆಟ್ಟದ ಕೆಳಗಿನ ಹಳ್ಳಿಗಳಲ್ಲಿ ಹೊಸದೇನಲ್ಲ. ಅದಕ್ಕೆ ಬೇಕಾದ ಬಟ್ಟೆ ಮನೆಯಲ್ಲಿಲ್ಲದ ತಾಯಿಗೂ ಸಿಕ್ಕಿತು ಎಂಬುದೇ ಹೊಸದು.

ಒಡೆಯರಪಾಳ್ಯದ ಟಿಬೆಟನ್ನರು

1974ರಲ್ಲಿ ಈಗಿನ ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ ಧೋಂಡೆನ್‌ಲಿಂಗ್ ಟಿಬೆಟನ್ ನಿರಾಶ್ರಿತರ ವಸತಿ ನೆಲೆಗೊಂಡಿತು. ಅಡ್ಡಡ್ಡ ಮಡಚಿ ಸೊಂಟದಲ್ಲಿ ಬಿಗಿಯುವ ಅವರ ಛುಬಾ, ಮದುವೆಯಾದ ಹೆಂಗಸರು ಮುಂದೆ ಕಟ್ಟುವ ಬಣ್ಣದ ಪಟ್ಟೆಗಳ ಪಾಂಗ್ದೆನ್ ಇವೂ ಅಳತೆಗಿಂತ ಕಟ್ಟನ್ನು ನಂಬಿದ ಉಡುಪುಗಳೇ. ಗಂಟು ರವಿಕೆಗೆ ದೂರದ ಬಂಧುಗಳು. ಚಳಿಗಾಲದಲ್ಲಿ ನಗರಗಳಲ್ಲಿ ಸ್ವೆಟರು ಮಾರುವ ವ್ಯಾಪಾರ ಟಿಬೆಟನ್ ಕುಟುಂಬಗಳ ಜೀವನೋಪಾಯಗಳಲ್ಲೊಂದು.

ಈಚಿನ ದಶಕಗಳು

ಸೀರೆಯ ಜಾಗವನ್ನು ಮನೆಯೊಳಗೆ ನೈಟಿ ಹಿಡಿಯಿತು. ಎದೆಯ ಎರಡೂ ಬದಿ ಜಿಪ್ ಇರುವ ನೈಟಿ ಹಾಲೂಡಿಸುವ ತಾಯಿಗೆಂದೇ ಬಂದದ್ದು. ಗಂಟು ರವಿಕೆಯ ಅನುಕೂಲ ಅದರೊಂದಿಗೆ ಮರಳಿತು. ಪೇಟೆಯ ಟೈಲರುಗಳು ಒಂದೇ ಸೀರೆಯಿಂದ ಅಮ್ಮನಿಗೆ ಕುಪ್ಪಸ, ಮಗಳಿಗೆ ಲಂಗ ಹೊಲಿಯುವುದು ಮತ್ತೆ ಕಾಣುತ್ತದೆ, ಈಗ ಹಬ್ಬದ ಫೋಟೋಗಾಗಿ.

ಇನ್ನೊಂದು ಬದಲಾವಣೆ ದುಡಿಮೆಯಲ್ಲಿ ಆಗಿದೆ. ಹನೂರು, ಕೊಳ್ಳೇಗಾಲದ ಕಡೆಯಿಂದ ಬೆಂಗಳೂರು, ತಿರುಪ್ಪೂರುಗಳ ಗಾರ್ಮೆಂಟ್ಸ್ ಸೇರಿದ ಹೆಂಗಸರಿದ್ದಾರೆ. ಊರಿನ ಟೈಲರು ಇಡೀ ಅಂಗಿಯನ್ನು ತೊಡುವ ಮಗುವಿನ ಅಳತೆಗೆ ಹೊಲಿಯುತ್ತಾನೆ. ಗಾರ್ಮೆಂಟ್ಸ್‌ನಲ್ಲಿ ಒಬ್ಬಳ ಪಾಲಿಗೆ ಕಾಲರು ಮಾತ್ರ, ಇನ್ನೊಬ್ಬಳ ಪಾಲಿಗೆ ತೋಳು ಮಾತ್ರ, ಗಂಟೆಗಿಷ್ಟೆಂದು ಗುರಿ. 1948ರ ಕಾರ್ಖಾನೆಗಳ ಕಾಯ್ದೆಯ 48ನೇ ಕಲಮು, 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ವಿಧಿಸಿತು. ಅಲ್ಲಿ ಮಕ್ಕಳ ಬಟ್ಟೆ ಒಗೆಯಲು, ಬದಲಾಯಿಸಲು ಅನುಕೂಲ ಇರಬೇಕೆಂದು ನಿಯಮ ಮಾಡುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿತು. ಕೂಸನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದವರು ರಜೆಗೆ ಮರಳುವಾಗ ಒಯ್ಯುವ ಸಿದ್ಧ ಉಡುಪನ್ನು ಒಂದು ಅಳತೆ ದೊಡ್ಡದೇ ನೋಡಿ ಕೊಳ್ಳುತ್ತಾರೆ.