ಸಿಂಪ್ಯೂಟರ್‌ನ 32 ಎಂಬಿ ಮತ್ತು ಹಂಚಿಕೊಂಡ ಮನೆಯ ಬಾಡಿಗೆ

ಅರೆಕೆರೆಯಿಂದ ಮಾತಾಡ್ತಿದ್ದೇನೆ. ನಾನು ಓದಿದ್ದು ಬಿಕಾಂ. ಹಾಗಾಗಿ ಇವತ್ತು ಕಂಪ್ಯೂಟರ್ ಇತಿಹಾಸವನ್ನೂ ಲೆಕ್ಕದ ಕಣ್ಣಲ್ಲೇ ನೋಡೋಣ. ಪ್ರಶ್ನೆ ಇಷ್ಟೇ: ಓಡುತ್ತಿರುವ ಒಂದು ಪ್ರೋಗ್ರಾಂ ಎಷ್ಟು ಮೆಮೊರಿ ಬಳಸುತ್ತದೆ?

ಪ್ರತಿ ಎಂಬಿಯನ್ನೂ ಎಣಿಸಬೇಕಾದಂಥ ಯಂತ್ರವೊಂದು ನಮ್ಮ ಬೆಂಗಳೂರಲ್ಲೇ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ 2001ರಲ್ಲಿ ಸಿಂಪ್ಯೂಟರ್ ತೋರಿಸಿದರು. ಅಂಗೈಯಲ್ಲಿ ಹಿಡಿಯುವ ಯಂತ್ರ, ಒಳಗೆ ಲಿನಕ್ಸ್. ಹಾರ್ಡ್ ಡಿಸ್ಕ್ ಇಲ್ಲ, ರ್‍ಯಾಮ್ 32 ಎಂಬಿ. ಸ್ಮಾರ್ಟ್ ಕಾರ್ಡ್ ಹಾಕಿ ಒಂದನ್ನೇ ಊರಿನ ಹಲವರು ಹಂಚಿಕೊಳ್ಳಲಿ ಅನ್ನೋದು ಆಸೆ.

ಆ ಕಾಲದ ಲಿನಕ್ಸ್ ಪ್ರತಿ ಪ್ರೋಗ್ರಾಂಗೆ ಮುಖ್ಯವಾಗಿ ಎರಡು ಸಂಖ್ಯೆ ಕೊಡ್ತಿತ್ತು. ಒಂದು, ವಿಎಸ್‌ಝಡ್: ಪ್ರೋಗ್ರಾಂ ತನ್ನ ಹೆಸರಿಗೆ ಬರೆಸಿಕೊಂಡ ಜಾಗ. ಇನ್ನೊಂದು, ಆರ್‌ಎಸ್‌ಎಸ್: ಅದರಲ್ಲಿ ನಿಜವಾಗಿ ರ್‍ಯಾಮ್‌ನಲ್ಲಿ ಕೂತಿರುವ ಭಾಗ. ಎರಡನೆಯದೇ ಸರಿ ಅನ್ನಿಸುತ್ತೆ, ಅಲ್ವಾ? ಕೂಡಿಸಿ ನೋಡಿ.

ಮೂರು ಪ್ರೋಗ್ರಾಂ, ತಲಾ 10 ಎಂಬಿ ಅಂದುಕೊಳ್ಳಿ. ಒಟ್ಟು 30. ಅಂದರೆ 32 ಎಂಬಿ ಯಂತ್ರ ಭರ್ತಿಯಾದ ಹಾಗೆ. ಆದರೆ ಆ 10ರಲ್ಲಿ 6 ಎಂಬಿ ಮೂವರೂ ಹಂಚಿಕೊಂಡ ಒಂದೇ ಲೈಬ್ರರಿ. ಸ್ವಂತದ್ದು ತಲಾ 4, ಹಂಚಿಕೊಂಡದ್ದು ಒಂದೇ ಸಲ 6. ನಿಜವಾಗಿ ಬಳಕೆ 18 ಮಾತ್ರ! ಅರೆಕೆರೆಯಲ್ಲಿ ಮೂವರು ಸೇರಿ ಮನೆ ಹಿಡಿದಾಗ, ಹಾಲ್‌ನ ಬಾಡಿಗೆಯನ್ನು ಮೂವರ ಹೆಸರಲ್ಲೂ ಪೂರ್ತಿ ಬರೆದಂತೆ ಇದು.

2008ರಲ್ಲಿ ಬಂದ ಲಿನಕ್ಸ್ 2.6.25 ಇದನ್ನು ಲೆಕ್ಕಿಗರ ರೀತಿಯಲ್ಲೇ ಸರಿಮಾಡಿತು. ಹಂಚಿಕೊಂಡ ಜಾಗವನ್ನು ಬಳಸುವವರ ಸಂಖ್ಯೆಯಿಂದ ಭಾಗಿಸು. ಇದೇ ಪಿಎಸ್‌ಎಸ್. ಈಗ ತಲಾ 4 ಕೂಡಿಸು 2, ಅಂದರೆ 6. ಮೂರು ಆರಲಿ ಹದಿನೆಂಟು, ಲೆಕ್ಕ ತಾಳೆಯಾಯ್ತು.

ಹಾಗಂತ ಒಬ್ಬನನ್ನು ಮನೆಯಿಂದ ಕಳಿಸಿದರೆ 6 ಉಳಿಯುತ್ತಾ? ಇಲ್ಲ, 4 ಮಾತ್ರ. ಹಾಲ್ ಉಳಿದಿಬ್ಬರಿಗೆ ಬೇಕೇ ಬೇಕಲ್ಲ. ಕಡಿಮೆ ರ್‍ಯಾಮ್‌ನ ಆಂಡ್ರಾಯ್ಡ್ ಫೋನ್ ಯಾವ ಆ್ಯಪ್ ಮುಚ್ಚಬೇಕು ಅಂತ ನಿರ್ಧರಿಸುವಾಗಲೂ ಇದೇ ಪೇಚು. ದೊಡ್ಡ ಸಂಖ್ಯೆ ಕಂಡ ಆ್ಯಪ್ ಮುಚ್ಚಿದ ಮಾತ್ರಕ್ಕೆ ಅಷ್ಟೂ ಜಾಗ ವಾಪಸ್ ಬರಲ್ಲ.

ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಆದರೆ ಹಂಚಿಕೊಂಡ ವಸ್ತು ಯಾರ ಲೆಕ್ಕಕ್ಕೆ ಅನ್ನೋ ಪ್ರಶ್ನೆ ಈಗ ಎಲ್ಲರ ಜೇಬಿನಲ್ಲಿದೆ. ಮುಂದಿನ ಕಂತಿನಲ್ಲಿ ಸಿಗೋಣ.